ದಿನಾ ಮಾಸ್ಕ್ ಹಾಕಿದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದಾ? ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

‘ಮಾಸ್ಕ್ ಹಾಕ್ಕೊಂಡು ಹಾಕ್ಕೊಂಡು ಮೈಯಾಗಿನ ಶಕ್ತಿ ಕಮ್ಮಿ ಆಗ್ತದೇನ್ರಿ?’ ತೊಗರಿ ರಾಶಿ ಶುರುವಾಗುವ ಹೊತ್ತಿಗೆ ಈ ಪ್ರಶ್ನೆಯೂ ಶುರುವಾಗುತ್ತದೆ. ಮನೆಯಲ್ಲಿ ಎಳೆಕೂಸು ಇರುವ ತಾಯಿ ಕೇಳುತ್ತಾರೆ. ಶುಗರ್ ಇರುವ ಹಿರಿಯರು ಕೇಳುತ್ತಾರೆ. ದಾಲ್‌ಮಿಲ್‌ನಲ್ಲಿ ಕೆಲಸ ಮಾಡುವ ಹುಡುಗರೂ ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ‘ಮಕ್ಕಳಿಗೆ ನೆಗಡಿ, ಜ್ವರ ಬಂದು ಬಂದು ಹೋದ್ರೇನೇ ಗಟ್ಟಿ ಆಗ್ತಾರಲ್ಲಾ?’

ಮಾಸ್ಕಿನ ಮಾತು ಕಲಬುರಗಿಗೆ ಹೊಸದಲ್ಲ. ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದು ಈ ಊರಿನದೇ, 2020ರ ಮಾರ್ಚ್‌ನಲ್ಲಿ. ಮೊದಲು ಕಾಯಿಲೆಯ ಭಯಕ್ಕೆ ಹಾಕಿಕೊಂಡೆವು. ಆಮೇಲೆ ದಂಡದ ಭಯಕ್ಕೆ ಹಾಕಿಕೊಂಡೆವು. ಕೊನೆಗೆ ಬೇಸರ ಬಂದು ಬಿಸಾಕಿದೆವು. ಯಾವಾಗ ಬೇಕು, ಯಾವಾಗ ಬೇಡ ಅಂತ ಕೂತು ಯೋಚಿಸಲು ಆಗ ಯಾರಿಗೂ ಪುರುಸೊತ್ತಿರಲಿಲ್ಲ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಾಸ್ಕ್‌ನಿಂದ ರೋಗನಿರೋಧಕ ಶಕ್ತಿ ಕುಗ್ಗುವುದಿಲ್ಲ. ಪದೇ ಪದೇ ಕಾಯಿಲೆ ಬಿದ್ದರೆ ಅದು ಹೆಚ್ಚುವುದೂ ಇಲ್ಲ. ಹಾಗಂತ ಆರೋಗ್ಯವಾಗಿರುವ ಎಲ್ಲರೂ ಬೆಳಗಿನಿಂದ ರಾತ್ರಿವರೆಗೆ ಮುಖ ಮುಚ್ಚಿಕೊಂಡು ಓಡಾಡಬೇಕಾಗಿಲ್ಲ. ನಿಮ್ಮ ಮನೆಗೆ ಎಷ್ಟು ಬೇಕು ಅನ್ನುವುದನ್ನು ನೀವೇ ತೀರ್ಮಾನಿಸಲು ಕೆಳಗಿನ ಹಂತಗಳಿವೆ. ಮೊದಲ ನಾಲ್ಕು ಯೋಚಿಸುವುದಕ್ಕೆ, ಉಳಿದವು ಮಾಡುವುದಕ್ಕೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಮೂರು ನಾಲ್ಕು ಎನ್95 ಮಾಸ್ಕ್, ಒಂದಿಷ್ಟು ಮೂರು ಪದರದ ಸರ್ಜಿಕಲ್ ಮಾಸ್ಕ್, ಜ್ವರ ನೋಡುವ ಥರ್ಮಾಮೀಟರ್, ಸೋಪು. ಇವೆಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳ ತಾಯಿ ಕಾರ್ಡ್, ಅಂದರೆ ಲಸಿಕೆ ಹಾಕಿಸಿದ ದಿನ ಬರೆದಿರುವ ಪುಸ್ತಕ. ಅದನ್ನು ಈಗಲೇ ಹುಡುಕಿ ತೆಗೆದಿಡಿ. 4ನೇ ಹಂತಕ್ಕೆ ಬೇಕು.

1. ಸೂಕ್ಷ್ಮಜೀವಿ ಬೇರೆ, ಕಾಯಿಲೆ ಬೇರೆ ಅಂತ ತಿಳಿದುಕೊಳ್ಳಿ

ಗೊಂದಲವೆಲ್ಲ ಹುಟ್ಟುವುದು ಇಲ್ಲಿಯೇ. ‘ಮಣ್ಣಾಗ ಆಡಿ ಬೆಳೆದ ಮಕ್ಕಳು ಗಟ್ಟಿ’ ಅನ್ನುವ ಮಾತು ಸುಳ್ಳಲ್ಲ. 1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬ ಬ್ರಿಟಿಷ್ ಸಂಶೋಧಕರು ಒಂದು ಸಂಗತಿ ಗಮನಿಸಿದರು. ಮನೆಯಲ್ಲಿ ಅಣ್ಣ ಅಕ್ಕಂದಿರು ಜಾಸ್ತಿ ಇದ್ದಷ್ಟೂ ಕೊನೆಯ ಮಕ್ಕಳಿಗೆ ಅಲರ್ಜಿಯ ಸೀನು, ಮೂಗು ಸೋರುವುದು ಕಮ್ಮಿ. ಚಿಕ್ಕಂದಿನಲ್ಲಿ ಒಬ್ಬರಿಂದ ಒಬ್ಬರಿಗೆ ಸೋಂಕು ತಗುಲುವುದರಿಂದ ಹೀಗಾಗುತ್ತಿರಬಹುದು ಎಂದು ಅವರು ಊಹಿಸಿದರು. ‘ಕಾಯಿಲೆ ಬಿದ್ದರೆ ಒಳ್ಳೇದು’ ಅನ್ನುವ ಮಾತಿನ ಬೇರು ಇದೇ.

ಮುಂದಿನ ಸಂಶೋಧನೆಗಳು ಈ ಊಹೆಯನ್ನು ತಿದ್ದಿದವು. 2003ರಲ್ಲಿ ಗ್ರಹಾಂ ರೂಕ್ ಎಂಬವರು ಅದನ್ನು ಬೇರೆ ರೀತಿ ವಿವರಿಸಿದರು. ನಮಗೆ ಬೇಕಾಗಿರುವುದು ನೆಗಡಿ, ದಡಾರದ ವೈರಸ್‌ಗಳಲ್ಲ. ಮನುಷ್ಯನ ಜೊತೆ ಲಕ್ಷಾಂತರ ವರ್ಷಗಳಿಂದ ಇರುವ, ಕಾಯಿಲೆ ತರದ ಸೂಕ್ಷ್ಮಜೀವಿಗಳು. ಅವು ಮಣ್ಣಿನಲ್ಲಿವೆ, ದನದ ಕೊಟ್ಟಿಗೆಯಲ್ಲಿವೆ, ಊಟದಲ್ಲಿವೆ, ನಮ್ಮ ಕರುಳಿನಲ್ಲೇ ಇವೆ. ಯಾವುದಕ್ಕೆ ಸಿಟ್ಟಾಗಬೇಕು, ಯಾವುದನ್ನು ಸುಮ್ನೆ ಬಿಡಬೇಕು ಅಂತ ಮೈಗೆ ಕಲಿಸುವುದು ಇವೇ. ಅದೂ ಮುಖ್ಯವಾಗಿ ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ.

ಈಗ ಮಾಸ್ಕ್ ಹಾಕಿಕೊಂಡ ಒಬ್ಬರನ್ನು ನೋಡಿ. ಬಸ್ಸಿನಲ್ಲಿ ಎರಡು ತಾಸು ಹಾಕಿಕೊಂಡಿದ್ದರು. ಮನೆಗೆ ಬಂದು ರೊಟ್ಟಿ ತಿಂದರು, ಮಜ್ಜಿಗೆ ಕುಡಿದರು, ಎಮ್ಮೆ ಮೈ ತೊಳೆದರು, ಮೊಮ್ಮಕ್ಕಳನ್ನು ಎತ್ತಿಕೊಂಡರು, ಅಂಗಳದಲ್ಲಿ ಮಲಗಿದರು. ಸೂಕ್ಷ್ಮಜೀವಿಗಳ ಸಹವಾಸ ಎಲ್ಲಿ ತಪ್ಪಿತು? ಆ ಎರಡು ತಾಸು ಪಕ್ಕದವರ ಕೆಮ್ಮು ತಪ್ಪಿತು, ಅಷ್ಟೇ.

ಇನ್ನೊಂದು ತಪ್ಪು ಕಲ್ಪನೆ. ರೋಗನಿರೋಧಕ ಶಕ್ತಿ ತಾಲೀಮು ಮಾಡಿ ಬೆಳೆಸುವ ತೋಳಿನ ಹಾಗೆ ಅಲ್ಲ. ಎರಡು ದಿನ ಬಿಟ್ಟರೆ ಸೊರಗುವಂಥದ್ದೂ ಅಲ್ಲ. ಒಂದು ವೈರಸ್ ಒಳಗೆ ಬಂದಾಗ ಮೈ ಅದಕ್ಕೇ ಸರಿಹೊಂದುವ ಆಂಟಿಬಾಡಿ ತಯಾರಿಸುತ್ತದೆ. ಆಂಟಿಬಾಡಿ ಅಂದರೆ ಆ ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್. ಕಾಯಿಲೆ ಹೋದ ಮೇಲೂ ಕೆಲವು ಜೀವಕೋಶಗಳು ಅದರ ಗುರುತು ಇಟ್ಟುಕೊಂಡು ಉಳಿಯುತ್ತವೆ. ಇವನ್ನು ನೆನಪಿನ ಕೋಶಗಳು ಅನ್ನುತ್ತಾರೆ. ಗುರುತು ಇರುವುದು ಆ ಒಂದು ರೋಗಾಣುವಿನದು ಮಾತ್ರ. ನೆಗಡಿ ತರುವ ರೈನೋವೈರಸ್‌ನಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ. ಈ ತಿಂಗಳ ನೆಗಡಿ ಮುಂದಿನ ತಿಂಗಳ ನೆಗಡಿಯನ್ನು ತಡೆಯದೇ ಇರುವುದು ಅದಕ್ಕೇ.

2. ‘ಒಮ್ಮೆ ಬಂದು ಹೋಗ್ಲಿ ಬಿಡು’ ಅನ್ನುವ ಮುಂಚೆ ಕಾಯಿಲೆಯ ಹೆಸರು ಕೇಳಿ

ಈ ಮಾತು ಯಾವ ಕಾಯಿಲೆಗೆ ಎಷ್ಟು ಹೊಂದುತ್ತದೆ ಅಂತ ಒಂದೊಂದಾಗಿ ನೋಡಬೇಕು.

ದಡಾರ. ಒಮ್ಮೆ ಬಂದರೆ ಮತ್ತೆ ಸಾಮಾನ್ಯವಾಗಿ ಬರುವುದಿಲ್ಲ, ನಿಜ. ಆದರೆ ಅದು ಹೋಗುವಾಗ ಬೇರೆ ಕಾಯಿಲೆಗಳ ನೆನಪನ್ನೂ ಅಳಿಸಿಕೊಂಡು ಹೋಗುತ್ತದೆ. ಲಸಿಕೆ ಹಾಕಿಸದೆ ದಡಾರ ಬಂದ ಮಕ್ಕಳ ರಕ್ತವನ್ನು ಮೊದಲು ಮತ್ತು ಆಮೇಲೆ ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಮಕ್ಕಳ ಮೈಯಲ್ಲಿ ಮೊದಲಿಂದ ಇದ್ದ ಆಂಟಿಬಾಡಿಗಳಲ್ಲಿ ಶೇ 11ರಿಂದ 73ರಷ್ಟು ಕಾಣೆಯಾಗಿದ್ದವು. ಶಕ್ತಿ ಕೊಡುತ್ತದೆ ಅಂದುಕೊಂಡ ಕಾಯಿಲೆ ಇದ್ದದ್ದನ್ನೂ ಕಿತ್ತುಕೊಂಡಿತ್ತು. ದಡಾರದ ಲಸಿಕೆಯಿಂದ ಹೀಗೆ ಆಗುವುದಿಲ್ಲ.

ಡೆಂಗಿ. ಇದು ಸೊಳ್ಳೆಯಿಂದ ಬರುವುದು, ಮಾಸ್ಕ್‌ಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಹೇಳಲೇಬೇಕು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಮುಂದೆ ಇನ್ನೊಂದು ಬಗೆ ಬಂದರೆ ಅದು ಮೊದಲಿಗಿಂತ ಜೋರಾಗುವ ಅಪಾಯ ಜಾಸ್ತಿ. ‘ಹೋದ ವರ್ಷ ಬಂದಿತ್ತು, ಈಗ ಭಯ ಇಲ್ಲ’ ಅಂತ ಕೂರುವವರು ಇದನ್ನು ಗಮನಿಸಬೇಕು.

ಗಂಟಲು ನೋವು. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ನೋವನ್ನು ಕಡೆಗಣಿಸಿದರೆ ಕೆಲವರಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ಅಲ್ಲಿ ಕೆಡಿಸುವುದು ಬ್ಯಾಕ್ಟೀರಿಯಾ ಅಲ್ಲ. ಅದರ ಮೇಲೆ ತಯಾರಾದ ಆಂಟಿಬಾಡಿ ಗುರಿ ತಪ್ಪಿ ಹೃದಯದ ಮೇಲೇ ಬೀಳುವುದು.

ಸಿಡುಬು ಅಂತ ನಮ್ಮ ಕಡೆ ಕೆಲವರು ಕರೆಯುವ ಚಿಕನ್‌ಪಾಕ್ಸ್ ವೈರಸ್ ಹೋಗುವುದೇ ಇಲ್ಲ. ನರದ ಬುಡದಲ್ಲಿ ಕೂತು ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳುತ್ತದೆ. ಫ್ಲೂ ಬಂದವರಿಗೆ ಅದರ ಹಿಂದೆಯೇ ನ್ಯುಮೋನಿಯಾ ಬರುವುದುಂಟು. ಕ್ಷಯದ ಬಗ್ಗೆಯಂತೂ ಹೇಳಬೇಕಾಗಿಯೇ ಇಲ್ಲ. ಒಮ್ಮೆ ಬಂದು ವಾಸಿಯಾದವರಿಗೂ ಮತ್ತೆ ಬರಬಹುದು.

ಉಳಿದದ್ದು ಸಾಮಾನ್ಯ ನೆಗಡಿ. ಆರೋಗ್ಯವಂತರಿಗೆ ಅದು ಬಂದರೆ ಪ್ರಪಂಚ ಮುಳುಗುವುದಿಲ್ಲ. ಓಡಿ ತಪ್ಪಿಸಿಕೊಳ್ಳಲೇಬೇಕು ಅಂತಿಲ್ಲ. ಹಾಗೆಯೇ ಮಗುವನ್ನು ನೆಗಡಿಯವರ ಹತ್ತಿರ ಬೇಕಂತಲೇ ಬಿಟ್ಟು ಗಟ್ಟಿ ಮಾಡುವ ಅಗತ್ಯವೂ ಇಲ್ಲ.

3. ಲಾಕ್‌ಡೌನ್ ಆದ ಮೇಲೆ ಮಕ್ಕಳೆಲ್ಲ ಕಾಯಿಲೆ ಬಿದ್ದರಲ್ಲ, ಅದಕ್ಕೇನು ಹೇಳ್ತೀರಿ?

ಮಾಸ್ಕ್ ವಿರುದ್ಧ ವಾದ ಮಾಡುವವರ ಗಟ್ಟಿ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೂ ಹೌದು.

2021, 2022ರಲ್ಲಿ ಬೇರೆ ಬೇರೆ ದೇಶಗಳಲ್ಲಿ ಮಕ್ಕಳಿಗೆ ಆರ್‌ಎಸ್‌ವಿ ಎಂಬ ವೈರಸ್‌ನ ಸೋಂಕು ಕಾಲವಲ್ಲದ ಕಾಲದಲ್ಲಿ, ಒಟ್ಟೊಟ್ಟಿಗೆ ಬಂತು. ಇದು ಎಳೆಮಕ್ಕಳ ಎದೆ ಕಟ್ಟಿಸುವ ವೈರಸ್. ಸಾಮಾನ್ಯ ವರ್ಷಗಳಲ್ಲಿ ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಇದು ಒಮ್ಮೆ ತಗುಲಿರುತ್ತದೆ. ಎಲ್ಲರೂ ಮನೆಯಲ್ಲಿದ್ದಾಗ ತಗುಲಲಿಲ್ಲ. ಬಾಗಿಲು ತೆರೆದ ಮೇಲೆ ಎರಡು ವರ್ಷದ ಮಕ್ಕಳ ಪಾಳಿ ಒಂದೇ ಸಲ ಬಂತು. ಆಸ್ಪತ್ರೆ ತುಂಬಿತು. ಮಕ್ಕಳ ಶಕ್ತಿ ಸೊರಗಿದ್ದಕ್ಕೆ ಹೀಗಾಯಿತು ಅನ್ನಲು ಪುರಾವೆ ಇಲ್ಲ. ಮುಂದಕ್ಕೆ ಹೋಗಿದ್ದ ಸೋಂಕುಗಳು ಒಟ್ಟಿಗೆ ಬಂದವು.

ಒಂದು ಮಾತು ಒಪ್ಪಬೇಕು. ಎರಡು ಮೂರು ವರ್ಷ ಫ್ಲೂ ಸೋಕದೆ, ಲಸಿಕೆಯೂ ಇಲ್ಲದೆ ಇದ್ದವರಲ್ಲಿ ಆ ವೈರಸ್ ವಿರುದ್ಧದ ಆಂಟಿಬಾಡಿ ಇಳಿದಿರುತ್ತದೆ. ಮುಂದಿನ ಸಲ ಜ್ವರ ಸ್ವಲ್ಪ ಜೋರಾಗಿ ಬರಬಹುದು. ಇದಕ್ಕೆ ಪರಿಹಾರ ಲಸಿಕೆ. ಕಾಯಿಲೆಯಿಂದ ತಪ್ಪಿಸಿಕೊಳ್ಳಲು ಕಾಯಿಲೆಯನ್ನೇ ಕರೆದುಕೊಳ್ಳುವುದು ನನಗಂತೂ ಲೆಕ್ಕಕ್ಕೆ ಕೂಡದ ಮಾತು.

ಅದೇ ಹೊತ್ತಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದರ ಸುದ್ದಿ ಅಷ್ಟಾಗಿ ಆಗಲಿಲ್ಲ. ಫ್ಲೂ ವೈರಸ್‌ನ ‘ಬಿ ಯಮಗಾಟ’ ಎಂಬ ಒಂದು ವಂಶ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಪತ್ತೆಯಾಗಿಲ್ಲ. ಜನ ದೂರ ಇದ್ದದ್ದಕ್ಕೆ ಒಂದು ವೈರಸ್ ವಂಶವೇ ನಿಂತುಹೋದಂತಿದೆ. ಫ್ಲೂ ಲಸಿಕೆಯಿಂದ ಆ ಭಾಗವನ್ನು ಕೈಬಿಡಲು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸಲಹೆ ಕೊಟ್ಟಿತು.

4. ವಯಸ್ಸು ನೋಡಿ, ಲಸಿಕೆ ಕಾರ್ಡ್ ತೆಗೆಯಿರಿ

ಕಾಯಿಲೆ ತಡವಾಗಿ ಬಂದರೆ ಲಾಭವೋ ನಷ್ಟವೋ? ಎರಡೂ ಉಂಟು.

ಆರು ತಿಂಗಳೊಳಗಿನ ಕೂಸಿನ ಉಸಿರಿನ ನಾಳ ಬಹಳ ಸಣ್ಣದು. ಸ್ವಲ್ಪ ಊದಿಕೊಂಡರೂ ಕಟ್ಟಿಕೊಳ್ಳುತ್ತದೆ. ಆರ್‌ಎಸ್‌ವಿ, ನಾಯಿಕೆಮ್ಮು ಇಂಥವು ಅವರಿಗೆ ಬಂದರೆ ಜೀವಕ್ಕೆ ಕುತ್ತು. ಅದೇ ಎರಡು ವರ್ಷಕ್ಕೆ ಬಂದರೆ ಬಹಳಷ್ಟು ಮಕ್ಕಳು ಮನೆಯಲ್ಲೇ ಸುಧಾರಿಸಿಕೊಳ್ಳುತ್ತಾರೆ. ಇಲ್ಲಿ ತಡವಾದಷ್ಟೂ ಒಳ್ಳೇದು. ಕೂಸು ನೋಡಲು ಬಂದವರು ಕೆಮ್ಮುತ್ತಿದ್ದರೆ ‘ಆಮ್ಯಾಗ ಬರ್ರಿ’ ಅನ್ನಿ. ತೊಟ್ಟಿಲ ಕಾರ್ಯಕ್ಕೆ ಬಂದ ಸೋದರಮಾವನಾದರೂ ಸರಿ. ಯಾರೂ ಬೇಸರ ಮಾಡಿಕೊಳ್ಳಬಾರದು.

ಉಲ್ಟಾ ಇರುವವೂ ಇವೆ. ಚಿಕನ್‌ಪಾಕ್ಸ್ ಮತ್ತು ಹೆಪಟೈಟಿಸ್ ಎ (ನೀರು, ಆಹಾರದಿಂದ ಬರುವ ಒಂದು ಬಗೆಯ ಕಾಮಾಲೆ) ಚಿಕ್ಕ ಮಕ್ಕಳಿಗೆ ಹಗುರ, ದೊಡ್ಡವರಿಗೆ ಭಾರ. ಶುದ್ಧ ನೀರು ಕುಡಿದು ಬೆಳೆದ ಹುಡುಗ ಹಾಸ್ಟೆಲ್‌ಗೆ ಹೋಗಿ ಕಾಮಾಲೆ ತಂದುಕೊಳ್ಳುವುದು ಇದೇ ಕಾರಣಕ್ಕೆ. ಅದಕ್ಕಾಗಿ ಮಕ್ಕಳಿಗೆ ಕೊಳಚೆ ನೀರು ಕುಡಿಸುತ್ತೀರಾ? ಇಲ್ಲ ಅಲ್ವಾ? ಎರಡಕ್ಕೂ ಲಸಿಕೆ ಇದೆ. ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ಖಾಸಗಿಯಾಗಿ ಸಿಗುತ್ತದೆ.

ಈಗ ಕಾರ್ಡ್ ನೋಡಿ. ಕ್ಷಯದ ಬಿಸಿಜಿ ಹುಟ್ಟಿದಾಗ. ಪೆಂಟಾವೇಲೆಂಟ್ ಅಂದರೆ ಒಂದೇ ಸೂಜಿಯಲ್ಲಿ ಐದು ಕಾಯಿಲೆಗೆ ಕೊಡುವ ಲಸಿಕೆ, 6, 10 ಮತ್ತು 14ನೇ ವಾರ. ನ್ಯುಮೋನಿಯಾದ ಪಿಸಿವಿ 6 ಮತ್ತು 14ನೇ ವಾರ, ಮತ್ತೆ 9ನೇ ತಿಂಗಳು. ದಡಾರ–ರುಬೆಲ್ಲಾ ಲಸಿಕೆ 9ರಿಂದ 12 ತಿಂಗಳೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ. ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲ್ಲ ಉಚಿತ.

ಎಚ್ಚರ: ಜನ ಜಾಸ್ತಿ ತಪ್ಪಿಸುವುದು ಈ ಕೊನೆಯದನ್ನು. ಒಂಬತ್ತು ತಿಂಗಳದ್ದು ಹಾಕಿಸಿರುತ್ತಾರೆ. ಒಂದೂವರೆ ವರ್ಷಕ್ಕೆ ಕೆಲಸಕ್ಕಾಗಿ ಮುಂಬೈಗೋ ಪುಣೆಗೋ ಹೋಗಿರುತ್ತಾರೆ, ಎರಡನೇದು ಉಳಿದುಬಿಡುತ್ತದೆ. ಹೋದ ಊರಿನಲ್ಲೂ ಹಾಕುತ್ತಾರೆ. ಕಾರ್ಡ್ ಜೊತೆಗಿರಲಿ.

ಅರವತ್ತು ದಾಟಿದವರು, ಶುಗರ್, ಹೃದಯ, ಕಿಡ್ನಿ, ದಮ್ಮು ಇರುವವರು, ಬಸುರಿಯರು ಫ್ಲೂ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ಇದು ವರ್ಷಕ್ಕೊಮ್ಮೆ. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಹೋದ ವರ್ಷದ್ದು ಈ ವರ್ಷಕ್ಕೆ ಸಾಲುವುದಿಲ್ಲ.

5. ನಿಮ್ಮ ದಿನದಲ್ಲಿ ಮಾಸ್ಕ್ ಎಲ್ಲಿ ಬೇಕು ಅಂತ ಗುರುತು ಹಾಕಿ

ಮೂರು ಪ್ರಶ್ನೆ ಕೇಳಿಕೊಳ್ಳಿ. ಜಾಗ ಮುಚ್ಚಿದೆಯಾ? ಜನ ಒತ್ತಾಗಿದ್ದಾರಾ? ಎಷ್ಟು ಹೊತ್ತು ಇರುತ್ತೇನೆ?

ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗ ಮೊದಲನೇದು. ಕಲಬುರಗಿಯ ಜಿಮ್ಸ್ ಇರಲಿ, ಬೀದರ್‌ನ ಬ್ರಿಮ್ಸ್ ಇರಲಿ, ಚೀಟಿ ಮಾಡಿಸಿ ಪಾಳಿ ಕಾಯುವ ಜಾಗದಲ್ಲಿ ಕೆಮ್ಮುವವರೇ ಜಾಸ್ತಿ. ಎಳೆಮಕ್ಕಳನ್ನು ಬಿಟ್ಟು ಅಲ್ಲಿಗೆ ಯಾರೇ ಹೋಗಲಿ, ಹಾಕಿಕೊಂಡೇ ಹೋಗಲಿ. ಎರಡನೇದು ಕಿಟಕಿ ಮುಚ್ಚಿದ ಬಸ್ಸು. ಬೀದರ್‌ನಿಂದ ಹುಮನಾಬಾದ್ ಮೇಲೆ ಕಲಬುರಗಿಗೆ ಬರುವ ಬೆಳಗಿನ ಬಸ್ಸು ಚಳಿಗಾಲದಲ್ಲಿ ಹೇಗಿರುತ್ತದೆ ಗೊತ್ತಲ್ಲ. ಎಲ್ಲ ಕಿಟಕಿ ಬಂದ್, ಗಾಜಿನ ಮೇಲೆಲ್ಲ ಉಸಿರಿನ ಹಬೆ. ಗಾಜಿಗೆ ಹಬೆ ಹಿಡಿದಿದೆ ಅಂದರೆ ಒಬ್ಬರ ಉಸಿರು ಇನ್ನೊಬ್ಬರಿಗೆ ಹೋಗುತ್ತಿದೆ ಅಂತಲೇ ಅರ್ಥ. 4ನೇ ಹಂತದಲ್ಲಿ ಹೇಳಿದ ಹಿರಿಯರು, ಬಸುರಿಯರು, ಶುಗರ್, ದಮ್ಮಿನಂಥ ಕಾಯಿಲೆ ಇರುವವರು ಅಲ್ಲಿ ಹಾಕಿಕೊಳ್ಳಲಿ. ಉಳಿದವರು ಒಂದು ಕಿಟಕಿ ನಾಲ್ಕು ಬೆರಳಷ್ಟು ತೆರೆದರೂ ಸಾಕು.

ಎರಡೂ ಕಡೆ ಗಾಳಿ ಆಡುವ ಟಂಟಂ ಆಟೊ, ಬಯಲಿನ ಸಂತೆ, ಹೊಲ, ಬೆಳಗಿನ ವಾಕಿಂಗ್‌ಗೆ ಬೇಡ. ಶರಣಬಸವೇಶ್ವರ ಜಾತ್ರೆಯಂಥ ಬಯಲಿನ ಗದ್ದಲದಲ್ಲಿ ಆರೋಗ್ಯವಂತರಿಗೆ ನಾನು ಒತ್ತಾಯ ಮಾಡುವುದಿಲ್ಲ. ವಯಸ್ಸಾದವರು ಗುಂಪಿನ ನಡುವೆ ಸಿಕ್ಕಿಕೊಳ್ಳುವುದಾದರೆ ಹಾಕಿಕೊಳ್ಳಲಿ. ಎಸಿ ಹಾಕಿದ ಫಂಕ್ಷನ್ ಹಾಲ್‌ನ ಮದುವೆ ಜಾತ್ರೆಗಿಂತ ಹೆಚ್ಚು ಅಪಾಯ. ಎಸಿ ಒಳಗಿನ ಗಾಳಿಯನ್ನೇ ತಿರುತಿರುಗಿಸಿ ತಣ್ಣಗೆ ಮಾಡುತ್ತದೆ. ನಮ್ಮ ಕಡೆಯ ಕೂಲರ್ ಹಾಗಲ್ಲ. ಕಿಟಕಿಗೆ ಕೂರಿಸಿ, ಎದುರಿನ ಬಾಗಿಲು ತೆರೆದಿಟ್ಟರೆ ಹೊರಗಿನ ಗಾಳಿಯನ್ನು ಒಳಗೆ ತಂದು ಒಳಗಿನದನ್ನು ಹೊರಗೆ ತಳ್ಳುತ್ತದೆ. ಆ ಮಟ್ಟಿಗೆ ಬೇಸಿಗೆಯಲ್ಲಿ ಕೂಲರ್ ಮನೆ ಒಳ್ಳೇದು. ಒಂದೇ ತಕರಾರು: ಅದರ ತೊಟ್ಟಿಯ ನೀರು ವಾರಕ್ಕೊಮ್ಮೆ ಚೆಲ್ಲಿ ಒರೆಸದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಮರಿ ಮಾಡುತ್ತದೆ.

ಇನ್ನು ಧೂಳು. ಧೂಳಿನಲ್ಲಿ ಕೆಲಸ ಮಾಡುವವರಿಗೆ ಮಾಸ್ಕ್ ಬೇಕೇ ಬೇಕು, ಯಾವ ವಯಸ್ಸಿನವರಾದರೂ. ಮಣ್ಣಿನ ಸಹವಾಸ ಒಳ್ಳೇದು ಅಂದೆನಲ್ಲ, ಅದನ್ನು ರಾಶಿ ಮಷಿನ್ ಮುಂದೆ ನಿಂತು ತೊಗರಿ ಹೊಟ್ಟಿನ ಧೂಳು ಸೇದುವುದಕ್ಕೆ ಅನ್ವಯಿಸಬೇಡಿ. ಆ ಧೂಳು ಮೈಗೆ ಏನನ್ನೂ ಕಲಿಸುವುದಿಲ್ಲ. ಪುಪ್ಪುಸದಲ್ಲಿ ಕೂತು ಊತ ತರುತ್ತದೆ, ದಮ್ಮು ಇದ್ದವರಿಗೆ ಕೆರಳಿಸುತ್ತದೆ. ದಾಲ್‌ಮಿಲ್, ಹತ್ತಿ ಜಿನ್ನಿಂಗ್, ಶಹಾಬಾದ್ ಕಡೆಯ ಫರ್ಸಿ ಕಲ್ಲಿನ ಪಾಲಿಶ್, ಸಿಮೆಂಟ್ ಚೀಲ ಇಳಿಸುವ ಕೆಲಸ, ಕಲ್ಲಿನ ಕ್ರಷರ್ ಎಲ್ಲದಕ್ಕೂ ಇದೇ ಮಾತು. ಸಿಲಿಕಾ ಜಾಸ್ತಿ ಇರುವ ಕಲ್ಲಿನ ಪುಡಿ ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅಂದರೆ ಪುಪ್ಪುಸ ಗಾಯವಾಗಿ ಗಟ್ಟಿಯಾಗುವುದು. ಅದು ಬಂದವರಿಗೆ ಕ್ಷಯ ಹತ್ತುವುದೂ ಸುಲಭ.

6. ಸರಿಯಾದದ್ದು ಕೊಳ್ಳಿ, ಸರಿಯಾಗಿ ಹಾಕಿ

ಎನ್95 ಅಂದರೆ ಪರೀಕ್ಷೆಗೆ ಬಳಸುವ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 95ರಷ್ಟನ್ನಾದರೂ ತಡೆಯುವಂಥದ್ದು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ದೇಶದ ಇದೇ ದರ್ಜೆಯ ಮಾಸ್ಕ್ ಮೇಲೆ ಐಎಸ್ 9473 ಎಂಬ ಸಂಖ್ಯೆ, ಎಫ್‌ಎಫ್‌ಪಿ 2 ಎಂಬ ಗುರುತು ಇರುತ್ತದೆ. ರಸ್ತೆ ಬದಿಯ ತೆಳು ಬಟ್ಟೆಯ ಮಾಸ್ಕ್‌ನ ಮೇಲೆ ‘ಎನ್95’ ಅಂತ ಅಚ್ಚು ಹಾಕಿದ ಮಾತ್ರಕ್ಕೆ ಅದು ಎನ್95 ಆಗುವುದಿಲ್ಲ.

ದಸ್ತಿ ಕಟ್ಟಿಕೊಳ್ಳುವುದು, ಸೆರಗು ಮುಚ್ಚಿಕೊಳ್ಳುವುದು ದಪ್ಪ ಹೊಟ್ಟನ್ನು ತಡೆಯುತ್ತದೆ. ಸಣ್ಣ ಧೂಳು, ವೈರಸ್ ಇರುವ ಸಣ್ಣ ಹನಿ ನೇರ ಒಳಗೆ ಹೋಗುತ್ತವೆ.

ಹಾಕುವ ಕ್ರಮ: ಕೈ ತೊಳೆದು, ಮಾಸ್ಕನ್ನು ಗದ್ದದ ಕೆಳಗಿಂದ ಮೂಗಿನವರೆಗೆ ಕೂರಿಸಿ, ದಾರಗಳನ್ನು ತಲೆ ಹಿಂದೆ ಎಳೆಯಿರಿ. ಮೂಗಿನ ಮೇಲಿನ ತಂತಿಯನ್ನು ಎರಡೂ ಕೈ ಬೆರಳಿಂದ ಒತ್ತಿ ಮೂಗಿನ ಆಕಾರಕ್ಕೆ ತನ್ನಿ. ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ಬಡಿದರೆ, ಕನ್ನಡಕ ಮಂಜಾದರೆ ಇನ್ನೂ ಸರಿ ಕೂತಿಲ್ಲ. ರಾಶಿ ಮಾಡುವವರಿಗೆ ಇನ್ನೂ ಒಳ್ಳೆ ಪರೀಕ್ಷೆ ಇದೆ. ಒಂದು ತಾಸು ಕೆಲಸವಾದ ಮೇಲೆ ದೂರ ಹೋಗಿ ಮಾಸ್ಕ್ ತೆಗೆದು ಕನ್ನಡಿ ನೋಡಿ. ಮೂಗಿನ ಪಕ್ಕದಿಂದ ಒಳಗೆ ಕಂದು ಗೆರೆ ಇಳಿದಿದ್ದರೆ ಧೂಳು ನುಗ್ಗಿದ ದಾರಿ ಅದೇ. ಮುಂದಿನ ಸಲ ಅಲ್ಲೇ ಒತ್ತಿ. ದಟ್ಟ ಗಡ್ಡ ಇದ್ದವರಿಗೆ ಯಾವ ಮಾಸ್ಕೂ ಪೂರ್ತಿ ಅಂಟಿಕೊಳ್ಳುವುದಿಲ್ಲ.

ಎಚ್ಚರ: ಎನ್95 ತೊಳೆಯಬೇಡಿ, ಸ್ಯಾನಿಟೈಸರ್ ಹೊಡೆಯಬೇಡಿ. ಒಳಗಿನ ಪದರದಲ್ಲಿ ವಿದ್ಯುತ್ ಚಾರ್ಜ್ ಇರುತ್ತದೆ, ಸಣ್ಣ ಕಣಗಳನ್ನು ಎಳೆದು ಹಿಡಿಯುವುದು ಅದೇ. ಸೋಪು, ಆಲ್ಕೋಹಾಲ್ ತಾಗಿದರೆ ಆ ಚಾರ್ಜ್ ಹೋಗುತ್ತದೆ. ನೋಡಲು ಫಳಫಳ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಬದಲಿಗೆ ಮೂರು ನಾಲ್ಕು ಮಾಸ್ಕ್‌ಗಳನ್ನು ಬೇರೆ ಬೇರೆ ಕಾಗದದ ಕವರಿನಲ್ಲಿಟ್ಟು ದಿನಕ್ಕೊಂದರಂತೆ ಸರದಿಯಲ್ಲಿ ಬಳಸಿ. ದಾರ ಸಡಿಲಾದರೆ, ಒದ್ದೆಯಾದರೆ, ಉಸಿರಾಡಲು ಬಿಗಿಯಾದರೆ ಬಿಸಾಕಿ. ಧೂಳಿಗೆ ಬಳಸಿದ್ದನ್ನು ಆಸ್ಪತ್ರೆಗೆ ಹಾಕಿಕೊಂಡು ಹೋಗಬೇಡಿ.

ಮುಂದೆ ಸಣ್ಣ ವಾಲ್ವ್ ಇರುವ ಮಾಸ್ಕ್ ಧೂಳಿಗೆ ಅಡ್ಡಿಯಿಲ್ಲ. ಆದರೆ ನೀವು ಬಿಡುವ ಉಸಿರು ಸೋಸದೆ ಹೊರಗೆ ಹೋಗುತ್ತದೆ, ಹಾಗಾಗಿ ಕೆಮ್ಮು ಇರುವವರು ಅದನ್ನು ಹಾಕಬಾರದು.

‘ಮಾಸ್ಕ್ ಹಾಕಿದ್ರ ಆಕ್ಸಿಜನ್ ಸಿಗಂಗಿಲ್ಲ’ ಅನ್ನುವ ಮಾತೂ ಇದೆ. ಮಾಸ್ಕ್ ತಡೆಯುವ ಆ 0.3 ಮೈಕ್ರಾನ್ ಕಣಕ್ಕಿಂತ ಆಕ್ಸಿಜನ್ ಅಣು ಸುಮಾರು ಸಾವಿರ ಪಟ್ಟು ಚಿಕ್ಕದು. ಅದು ಆರಾಮಾಗಿ ಒಳಗೆ ಬರುತ್ತದೆ. ಸೆಕೆ ಆಗುವುದು, ಉಸಿರು ಭಾರ ಅನ್ನಿಸುವುದು ನಿಜ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿನಲ್ಲಿ ರಸ್ತೆ ಮೇಲೆ ನಡೆಯುವಾಗ ತೆಗೆದು ಜೇಬಿನಲ್ಲಿಡಿ. ಪುಪ್ಪುಸದ ದೊಡ್ಡ ಕಾಯಿಲೆ ಇರುವವರು ಮಾತ್ರ ಎನ್95 ಬಳಸುವ ಮುಂಚೆ ಡಾಕ್ಟರನ್ನು ಕೇಳಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಯಾವ ಮಾಸ್ಕೂ ಹಾಕಲೇಬಾರದು. ಐದು ವರ್ಷದವರೆಗೆ ಅಗತ್ಯವಿಲ್ಲ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

7. ಮನೆಯಲ್ಲಿ ಒಬ್ಬರಿಗೆ ಬಂದಾಗ

ಮಾಸ್ಕ್‌ನಿಂದ ಹೆಚ್ಚು ಉಪಯೋಗ ಕೆಮ್ಮುವವರೇ ಹಾಕಿಕೊಂಡಾಗ. ನಮ್ಮಲ್ಲಿ ನಡೆಯುವುದು ಉಲ್ಟಾ. ಜ್ವರ ಬಂದವರು ಆರಾಮಾಗಿ ಇರುತ್ತಾರೆ, ಉಳಿದವರು ಮೂಗು ಮುಚ್ಚಿಕೊಂಡು ಓಡಾಡುತ್ತಾರೆ.

ಫ್ಲೂ ಬಂದವರು ಜ್ವರ ಕಾಣುವ ಒಂದು ದಿನ ಮುಂಚಿನಿಂದಲೇ ಹರಡುತ್ತಾರೆ. ಜ್ವರ ಶುರುವಾದ ಮೇಲೆ ಐದರಿಂದ ಏಳು ದಿನ ಇದು ನಡೆಯುತ್ತದೆ. ಅಷ್ಟು ದಿನ ಅವರನ್ನು ಕಿಟಕಿ ಇರುವ ಕೋಣೆಯಲ್ಲಿ ಮಲಗಿಸಿ. ಒಂದೇ ಕೋಣೆಯ ಮನೆಯಾದರೆ ತಲೆದಿಂಬು ಕಿಟಕಿ ಕಡೆ, ಕೂಸಿನ ತೊಟ್ಟಿಲು ಇನ್ನೊಂದು ತುದಿಗೆ. ತಾಯಿಗೇ ಜ್ವರವಾದರೆ ಎದೆಹಾಲು ನಿಲ್ಲಿಸಬೇಡಿ. ಮಾಸ್ಕ್ ಹಾಕಿ, ಕೈ ತೊಳೆದು ಕುಡಿಸಲಿ. ಆ ಹಾಲಿನಲ್ಲೇ ಆಂಟಿಬಾಡಿ ಇರುತ್ತವೆ. ಸೋಪು ಹಚ್ಚಿ ಇಪ್ಪತ್ತು ಸೆಕೆಂಡ್ ಉಜ್ಜಿದರೆ ಸಾಕು. ಸ್ಯಾನಿಟೈಸರ್ ಪ್ರಯಾಣಕ್ಕಿರಲಿ.

8. ತಪ್ಪಿಸಿಕೊಳ್ಳುವುದು ಎಲ್ಲಿ ಅತಿಯಾಗುತ್ತದೆ

ಕಾಯಿಲೆ ಬರಬಾರದು ಅಂತ ಮಗುವನ್ನು ಅಂಗಳಕ್ಕೆ ಬಿಡದಿರುವುದು, ಶಾಲೆ ಬಿಡಿಸುವುದು, ಅಜ್ಜಿಯನ್ನು ತಿಂಗಳುಗಟ್ಟಲೆ ಯಾರೂ ಮಾತಾಡಿಸದಿರುವುದು ತಪ್ಪು. ಮನೆಯ ನೆಲಕ್ಕೆ ದಿನಾ ಫಿನಾಯಿಲ್ ಸುರಿಯುವುದೂ ಬೇಕಿಲ್ಲ. ಮಣ್ಣಲ್ಲಿ ಆಡಲಿ, ಊಟಕ್ಕೆ ಮುಂಚೆ ಕೈ ತೊಳೆಯಲಿ. ಅಷ್ಟರಲ್ಲಿ ಎರಡೂ ಆಗುತ್ತದೆ.

9. ‘ಶಕ್ತಿ ಹೆಚ್ಚಿಸುವ’ ಡಬ್ಬಿಗಳ ಬಗ್ಗೆ

ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಸಾಧ್ಯವಾದರೆ ಮೊಟ್ಟೆ. ಇಷ್ಟು ತಿನ್ನುವವರಿಗೆ ಸಾವಿರಾರು ರೂಪಾಯಿಯ ಪೌಡರ್ ಯಾಕೆ ಬೇಕೋ ನನಗೆ ಗೊತ್ತಿಲ್ಲ. ನಿದ್ದೆಗೆ ಮಾತ್ರ ಲೆಕ್ಕ ಇದೆ. ಅಮೆರಿಕದಲ್ಲಿ 164 ಜನರ ನಿದ್ದೆಯನ್ನು ಅಳೆದು, ಆಮೇಲೆ ಅವರ ಮೂಗಿಗೆ ನೆಗಡಿ ವೈರಸ್ ಬಿಟ್ಟು ನೋಡಿದರು. ಆರು ತಾಸಿಗಿಂತ ಕಮ್ಮಿ ಮಲಗಿದವರಿಗೆ, ಏಳು ತಾಸಿಗಿಂತ ಜಾಸ್ತಿ ಮಲಗಿದವರಿಗಿಂತ ನೆಗಡಿ ಹತ್ತುವ ಸಂಭವ ನಾಲ್ಕು ಪಟ್ಟು ಇತ್ತು. 2015ರ ಅಧ್ಯಯನ ಅದು. ಶುಗರ್ ಹತೋಟಿಯಲ್ಲಿಡುವುದು, ಬೀಡಿ ಬಿಡುವುದು ಇವೂ ಅಷ್ಟೇ ಮುಖ್ಯ.

ಶುಂಠಿ, ಮೆಣಸಿನ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಅಮೃತಬಳ್ಳಿಯನ್ನು ಮಾತ್ರ ದಿನಾ, ತಿಂಗಳುಗಟ್ಟಲೆ ಸೇವಿಸಬೇಡಿ. ಹಾಗೆ ಸೇವಿಸಿದ ಕೆಲವರ ಲಿವರ್‌ಗೆ ಪೆಟ್ಟಾಗಿದೆ ಅಂತ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಲಿವರ್ ತೊಂದರೆ ಇರುವವರು ಕೇಳದೇ ತೆಗೆದುಕೊಳ್ಳದಿರುವುದೇ ಕ್ಷೇಮ. ನೆಗಡಿಗೆ ಮೆಡಿಕಲ್ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗುವುದನ್ನೂ ಬಿಡಿ. ವೈರಸ್ ಮೇಲೆ ಅದು ಕೆಲಸ ಮಾಡುವುದಿಲ್ಲ.

10. ಯಾವಾಗ ಕಾಯಬಾರದು

ಎರಡು ವಾರ ದಾಟಿದ ಕೆಮ್ಮು ಧೂಳಿನದ್ದು ಅಂತ ಬಿಡಬೇಡಿ. ದಾಲ್‌ಮಿಲ್, ಕಲ್ಲಿನ ಕೆಲಸದವರು ಇದರಲ್ಲೇ ಮೋಸ ಹೋಗುತ್ತಾರೆ. ಸರ್ಕಾರಿ ದವಾಖಾನೆಯಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯ ಅಂತ ಗೊತ್ತಾದರೆ ಮಾತ್ರೆಯೂ ಉಚಿತ. ಚಿಕಿತ್ಸೆ ನಡೆಯುವಷ್ಟು ಕಾಲ ಊಟದ ಖರ್ಚಿಗೆ ನಿಕ್ಷಯ್ ಪೋಷಣ್ ಯೋಜನೆಯಿಂದ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಬಸುರಿಯರು, ಹಿರಿಯರು, ಶುಗರ್ ಇರುವವರಿಗೆ ಜೋರು ಜ್ವರ, ಮೈಕೈ ನೋವು, ಕೆಮ್ಮು ಒಟ್ಟಿಗೆ ಬಂದರೆ ಮೊದಲ ಅಥವಾ ಎರಡನೇ ದಿನವೇ ಡಾಕ್ಟರ್ ಹತ್ತಿರ ಹೋಗಿ. ಫ್ಲೂ ಔಷಧಿ ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು 48 ತಾಸಿನೊಳಗೆ ಶುರು ಮಾಡಿದರೆ. ಏದುಸಿರು, ಎದೆ ನೋವು, ಮಾತು ತೊದಲುವುದು, ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಕ್ಸಿಜನ್ ಶೇ 94ಕ್ಕಿಂತ ಕೆಳಗೆ ಬಂದರೆ ಅದು ತುರ್ತು.

ಮಕ್ಕಳಿಗೆ ಉಸಿರು ಎಣಿಸಿ. ಮಗು ಅಳದೆ ಮಲಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆ ಏಳುವುದನ್ನು ಪೂರ್ತಿ ಒಂದು ನಿಮಿಷ ನೋಡಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ತಪ್ಪುತ್ತದೆ, ಎಳೆಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ ನ್ಯುಮೋನಿಯಾ ಇರಬಹುದು, ಅವತ್ತೇ ತೋರಿಸಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಯಾದರೆ, ಕೂಸು ಹಾಲು ಕುಡಿಯುವುದನ್ನೇ ಬಿಟ್ಟರೆ ಎಣಿಸುತ್ತ ಕೂರಬೇಡಿ. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ.